ಕಾಯದ ಇಂಜಿನ್

ನನ್ನ ಅಣ್ಣನಿಗೆ ಚಪ್ಪಲಿಯಿಂದ ಹೊಡೆದದ್ದು ನನ್ನ ಅಂಗಡಿಯ ಮುಂದೆಯೇ. ಇಳಕಲ್ಲಿನ ಗ್ಯಾರೇಜ್ ಓಣಿಯಲ್ಲಿ ನಾನು ಗಾಡಿಗಳ ಸೀಟಿಗೆ ಕವರ್ ಹೊಲಿಯುತ್ತೇನೆ. ಅವತ್ತು ನೆಲದ ಮೇಲೆ ರೆಗ್ಜಿನ್ ಹರವಿಕೊಂಡು ಕತ್ತರಿಸುತ್ತಿದ್ದೆ. ಅಣ್ಣ ಓಡಿಸುವ ದೊಡ್ಡ ಡೀಸೆಲ್ ಗಾಡಿ ಬಂದು ನಿಂತಿತು. ಹಿಂದಿನ ಸೀಟಿನಿಂದ ಅದರ ಮಾಲೀಕ ಇಳಿದ. ಕೆಂಪು ಗ್ರಾನೈಟಿನ ಕ್ವಾರಿ ಇದ್ದವನು, ಊರೆಲ್ಲ ಅವನನ್ನು ಸಾವ್ಕಾರ ಎನ್ನುತ್ತದೆ. ಇಳಿದವನೇ ಅಣ್ಣನ ಕೊರಳಪಟ್ಟಿ ಹಿಡಿದು ಹೊರಗೆಳೆದ.

“ಡೀಸೆಲ್ ಎಲ್ಲಿ ಮಾರಾಕತ್ತೀಯಲೇ? ಟಾಕಿ ತುಂಬಿಸಿದ್ದ ತುಂಬಿಸಿದ್ದು, ಎಲ್ಲಿ ಹೊಕ್ಕೈತಿ ಅದು?”

“ಒಂದ ಹನಿ ಮುಟ್ಟಿಲ್ರಿ. ಆಣಿ ಮಾಡಿ ಹೇಳ್ತೇನ್ರಿ.”

“ಕಳ್ಳ ಬಾಡ್ಯಾ, ಆಣಿ ಬ್ಯಾರೆ ಮಾಡ್ತಿ!”

ಕಾಲಿನ ಚಪ್ಪಲಿ ಕೈಗೆ ಬಂತು. ಮೊದಲ ಏಟು ಕಿವಿಗೆ, ಮುಂದಿನದು ಮೂಗಿಗೆ. ಅಣ್ಣ ಕೈ ಎತ್ತಲಿಲ್ಲ. ಮೂಗಿನಿಂದ ರಕ್ತ ಇಳಿದು ಬಾಯಿಗೆ ಬಂದರೂ ಇಲ್ರಿ, ಇಲ್ರಿ ಎಂದೇ ಅನ್ನುತ್ತಿದ್ದ. ಓಣಿಗೆ ಓಣಿಯೇ ಸುಮ್ಮನೆ ನಿಂತು ನೋಡಿತು. ನನಗೆ ತಡೆಯಲಾಗಲಿಲ್ಲ. ಹಾರಿ ಹೋಗಿ ಸಾವ್ಕಾರನ ಕೈ ಹಿಡಿದು ಮಣಿಕಟ್ಟು ಕಚ್ಚಿದೆ. ಬಾಯಿಗೆ ಅವನ ರಕ್ತ ಹತ್ತಿತು. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಅವನು ನನ್ನ ತಲೆಗೂದಲು ಹಿಡಿದು ಎಳೆದು ಬಾಗಿಲ ಚೌಕಟ್ಟಿಗೆ ಕೆಡವಿದ. ಆಮೇಲೆ ಅಣ್ಣನ ಜೇಬಿನಿಂದ ಗಾಡಿಯ ಕೀಲಿ ಕಿತ್ತುಕೊಂಡು ತಾನೇ ಓಡಿಸಿಕೊಂಡು ಹೋದ.

ಡ್ರೈವರ್ ಕೆಲಸವೇ ಅಂಥದ್ದು, ಡೀಸೆಲ್ ಕಳ್ಳ ಎಂದು ಒಮ್ಮೆ ಹೆಸರು ಬಿದ್ದರೆ ಇಳಕಲ್ಲಿನಿಂದ ಬಾಗಲಕೋಟೆವರೆಗೆ ಯಾರೂ ಸ್ಟೇರಿಂಗ್ ಮುಟ್ಟಗೊಡುವುದಿಲ್ಲ. ಅಣ್ಣನಿಗೆ ಬೇರೆ ಕೆಲಸ ಬರುವುದಿಲ್ಲ. ಬಂದರೂ ಅವನಿಗೆ ಬೇಕಿರಲಿಲ್ಲ. ಗಾಡಿ ಎಂದರೆ ಪ್ರಾಣ ಅವನಿಗೆ.

ಮನೆಗೆ ಬಂದವನು ಮುಖ ಸಹ ತೊಳೆಯಲಿಲ್ಲ. ಹಿತ್ತಲಿನ ಕಲ್ಲಿಗೆ ನೀರು ಹೊಡೆದು ಕುಡಗೋಲು ಮಸೆಯಲು ಕೂತ.

“ಏನ್ ಮಾಡಾಕತ್ತೀ?”

“ಸೋಮವಾರ ಮುಂಜಾನೆ ಅಂವ ಕ್ವಾರಿ ಶೆಡ್ಡಿಗೆ ಒಬ್ಬನ ಬರ್ತಾನ. ಅಲ್ಲೇ ಮುಗಸ್ತೇನಿ.”

“ಮುಗಿಸಿ?”

“ಜೇಲಿಗೆ ಹೋಗ್ತೇನಿ. ಕಳ್ಳ ಅನ್ನಿಸ್ಕೊಂಡು ಓಣ್ಯಾಗ ತಿರುಗೂದಕ್ಕಿಂತ ಅದ ಚಲೋ.”

ಬೇರೆ ಯಾರಾದರೂ ಅಂದಿದ್ದರೆ ಸಿಟ್ಟಿನ ಮಾತು ಎಂದು ಬಿಡುತ್ತಿದ್ದೆ. ನಮ್ಮ ಮನೆಯಲ್ಲಿ ಚೀರಾಡುವವಳು ನಾನು. ಅಣ್ಣ ಆಡುವುದೇ ಕಡಿಮೆ, ಆಡಿದರೆ ಮಾಡುವವನು. ಆ ಕುಡಗೋಲನ್ನು ಜೋಳದ ಚೀಲದಲ್ಲಿ ಹುಗಿದಿಟ್ಟೆ. ಹುಡುಕಿ ತೆಗೆದ. ಅವನು ಕದ್ದಿಲ್ಲ ಎಂದು ನನಗೆ ಗೊತ್ತು. ಹಾಗಾದರೆ ಡೀಸೆಲ್ ಎಲ್ಲಿ ಹೋಯಿತು? ಅದನ್ನು ಸೋಮವಾರದೊಳಗೆ ತೋರಿಸದಿದ್ದರೆ ಎರಡು ಮನೆ ಹಾಳಾಗುತ್ತಿದ್ದವು.

ನಮ್ಮ ಓಣಿಯ ಉಸ್ತಾದ್ ಹತ್ತಿರ ಹೋದೆ. ಸಾವ್ಕಾರನ ಗಾಡಿಗಳ ಕೆಲಸವೆಲ್ಲ ಮಾಡುವ ಮೆಕ್ಯಾನಿಕ್ ಅವನೇ. ಕೈ ಚಲೋ, ಬಾಯಿ ಮಾತ್ರ ಗಟಾರ. ಅಣ್ಣ ಹೊಡೆತ ತಿನ್ನುವಾಗ ಅವನೂ ಬಾಗಿಲಲ್ಲಿ ನಿಂತವನೇ.

“ಏನವ್ವಾ, ನನ್ನನ್ನೂ ಕಚ್ಚಾಕ ಬಂದೀಯೇನು?” ಎಂದ.

“ಹಲ್ಲು ಇನ್ನೂ ಗಟ್ಟಿ ಅದಾವ. ಯಾರೂ ಕದೀದ ಇದ್ರೂ ಗಾಡಿ ಡೀಸೆಲ್ ಹೆಚ್ಚಿಗಿ ಕುಡೀತೈತೇನು, ಅಷ್ಟ ಹೇಳು.”

ಅವನು ಬೀಡಿ ಹೊತ್ತಿಸಿ ಒಂದೊಂದೇ ಕೇಳುತ್ತ ಹೋದ. ಡೀಸೆಲ್ ಪೈಪು ಸೋರುತ್ತದೆಯೇ? ಗಾಡಿ ನಿಂತ ಕಡೆ ಒಂದು ಹನಿಯೂ ಬಿದ್ದದ್ದಿಲ್ಲ. ಗಾಳಿ ಕಡಿಮೆ ಇದ್ದ ಗಾಲಿ? ಅಣ್ಣ ದಿನಾ ನೋಡುತ್ತಾನೆ. ಬ್ರೇಕ್ ಹಿಡಿದುಕೊಂಡು ಓಡುತ್ತದೆಯೇ? ಹಾಗಿದ್ದರೆ ಗಾಲಿ ಸುಡುತ್ತಿತ್ತು. ಹೊಗೆ? ಮುಂಜಾನೆ ಚಾಲೂ ಮಾಡಿದರೆ ಭಾಳ ಹೊತ್ತು ಬಿಳಿ ಹೊಗೆ, ಗಡಗಡ ಸಪ್ಪಳ.

ಆಗ ನನಗೊಂದು ನೆನಪಾಯಿತು. ಚಳಿಗಾಲದಲ್ಲಿ ಸಾವ್ಕಾರನ ತಾಯಿ ಬದಾಮಿ ಕಡೆಯ ಶಿವಯೋಗ ಮಂದಿರಕ್ಕೆ ಹೊರಟಾಗ ಜೊತೆಗೆ ಹೆಣ್ಣುಮಗಳು ಬೇಕೆಂದು ನನ್ನನ್ನೂ ಕರೆದೊಯ್ದಿದ್ದರು. ನಸುಕಿನ ಥಂಡಿಗೆ ಮುದುಕಿಯ ಹಲ್ಲು ಕಟಕಟ ಎನ್ನುತ್ತಿದ್ದವು. ಬಿಸಿಗಾಳಿ ಬಿಡಪ್ಪಾ ಎಂದು ಅಂಗಲಾಚಿದಳು. ಹುನಗುಂದ ದಾಟಿತು, ಅಮೀನಗಡ ದಾಟಿತು, ಹೀಟರಿನಿಂದ ಬರೀ ತಣ್ಣನೆಯ ಗಾಳಿ. ಹೀಟರ್ ಕೆಟ್ಟಿದೆ ಎಂದು ಅಣ್ಣ ನನ್ನ ಶಾಲನ್ನೂ ಅವಳಿಗೆ ಹೊದಿಸಿದ್ದ.

ಉಸ್ತಾದ್ ಬೀಡಿ ಬಾಯಿಂದ ತೆಗೆದ. “ಇಂಜಿನ್ ಕಾವು ತೋರಸೂ ಮುಳ್ಳು ಎಲ್ಲಿತ್ತು?”

“ತಳದಾಗ. ಬದಾಮಿ ಮುಟ್ಟೂತನಾ ಎದ್ದಿದ್ದಿಲ್ಲ. ಗಾಡಿ ಚಲೋ ಐತಿ, ಕಾಯೂದಿಲ್ಲ ಅಂತ ಅಣ್ಣ ಖುಷಿ ಪಡ್ತಿದ್ದ.”

“ಅಯ್ಯಯ್ಯೋ!” ಎಂದು ಅವನು ಹಣೆ ಬಡಿದುಕೊಂಡ. “ವಾಲ್ವ್ ತೆಗದವ ನಾನ ಅದೇನಿ!”

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದ. ಇಂಜಿನ್ ಮತ್ತು ರೇಡಿಯೇಟರ್ ನಡುವೆ ಒಂದು ವಾಲ್ವ್ ಇರುತ್ತದೆ. ಇಂಜಿನ್ ಕಾಯುವವರೆಗೆ ಅದು ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ, ಕಾದ ಮೇಲೆ ಬಾಯಿ ತೆರೆಯುತ್ತದೆ. ನಮ್ಮ ಕಡೆ ಯುಗಾದಿ ದಾಟಿತೆಂದರೆ ಮೆಕ್ಯಾನಿಕ್‌ಗಳು ಅದನ್ನು ಕಿತ್ತೊಗೆಯುತ್ತಾರೆ. ಈ ಬಿಸಿಲಿಗೆ ಇಂಜಿನ್ ಕಾಯಿಸುವ ವಾಲ್ವ್ ಯಾಕೆ ಬೇಕು ಎನ್ನುವುದು ಅವರ ವಾದ. ಗಿರಾಕಿಗಳೂ ಶಹಬ್ಬಾಸ್ ಎನ್ನುತ್ತಾರೆ. ಆಮೇಲೆ ಇಂಜಿನ್ ವರ್ಷವಿಡೀ ತಣ್ಣಗೇ ಓಡುತ್ತದೆ, ಹೀಟರಿಗೂ ಕಾವು ಸಿಗುವುದಿಲ್ಲ, ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಕುಡಿಯುತ್ತಲೇ ಹೋಗುತ್ತದೆ. ಸಾವ್ಕಾರನ ಗಾಡಿ ಆ ಚಳಿಗಾಲಕ್ಕೂ ಮೊದಲಿನ ಬೇಸಿಗೆಯಲ್ಲಿ ಕ್ವಾರಿಯ ಏರಿನಲ್ಲಿ ನೀರು ಕುದಿಸಿ ನಿಂತಿತ್ತಂತೆ. ಅವನೇ ಓಡಿಸಿಕೊಂಡು ಬಂದು, ವಾಲ್ವ್ ಕಿತ್ತು ಒಗಿ ಎಂದಿದ್ದನಂತೆ. ಆಗ ಅಣ್ಣ ಕಾಮಾಲೆಯಾಗಿ ಮನೆಯಲ್ಲಿ ಮಲಗಿದ್ದ. ಅವನಿಗೆ ಯಾರೂ ಹೇಳಿರಲಿಲ್ಲ.

ಕೈಗೆ ಸಿಕ್ಕ ಬೋಲ್ಟ್ ಬಿಚ್ಚುವ ಪಾನಾ ಎತ್ತಿ ಉಸ್ತಾದ್ ಮೇಲೆ ಒಗೆದೆ. ಅವನು ತಲೆ ತಗ್ಗಿಸಿದ್ದರಿಂದ ಹಿಂದಿನ ಆಯಿಲ್ ಡಬ್ಬಿಗಳು ಉರುಳಿದವು.

“ನಿನ್ನ ಬಾಯಾಗ ಮಣ್ಣ ಹಾಕಲಿ! ಅಂವ ಹೊಡಿಯೂಮುಂದ ಯಾಕ ಬಾಯಿ ಬಿಡ್ಲಿಲ್ಲ?”

“ಆಗ ತಲಿಗೇ ಹೊಳೀಲಿಲ್ಲವ್ವಾ. ಸೋಮವಾರ ನಾನೂ ಬರ್ತೇನಿ ನಡಿ. ಕಾಲ ಮುರದ್ರ ಮುರೀಲಿ.”

ಮನೆಗೆ ಬಂದು ಹೇಳಲು ಹೋದರೆ ಅಣ್ಣ ಗಾಡಿಯ ಮಾತೇ ಬೇಡ ಎಂದು ಎದ್ದು ಹೋದ. ಸೋಮವಾರ ಎದ್ದಾಗ ಅಣ್ಣನ ಹಾಸಿಗೆ ಖಾಲಿ, ಮೂಲೆಯಲ್ಲಿ ಕುಡಗೋಲೂ ಇರಲಿಲ್ಲ. ಉಸ್ತಾದನ ಬೈಕಿನ ಹಿಂದೆ ಕೂತು ಶೆಡ್ಡಿಗೆ ಓಡಿದೆ. ಅಣ್ಣ ಎಲ್ಲೂ ಕಾಣಲಿಲ್ಲ. ಸಾವ್ಕಾರ ಆಗಷ್ಟೇ ಶೆಡ್ಡಿನ ಬಾಗಿಲು ತೆಗೆಯುತ್ತಿದ್ದ. ಗಾಡಿ ರಾತ್ರಿಯಿಂದ ಒಳಗೇ ನಿಂತಿತ್ತು. ನನ್ನನ್ನು ನೋಡಿ ಮೂಲೆಯಲ್ಲಿದ್ದ ಕಬ್ಬಿಣದ ಸಲಾಕೆ ಎತ್ತಿಕೊಂಡ. ಉಸ್ತಾದ್ ನಡುವೆ ಹೋದ, ಭುಜಕ್ಕೆ ಒಂದು ಏಟು ತಿಂದ. ನೆಲಕ್ಕೆ ಕೂತವನು ಅಲ್ಲಿಂದಲೇ ಹೇಳಿದ:

“ಇನ್ನೊಂದ್ ಹೊಡೀರಿ ಬೇಕಾದ್ರ. ಆದ್ರ ಮೊದಲ ಗಾಡಿ ಚಾಲೂ ಮಾಡಿ, ರೇಡಿಯೇಟರ್ ಮ್ಯಾಲಿನ ಪೈಪಿನ ಮ್ಯಾಲೆ ಕೈ ಇಡ್ರಿ. ಇಂಜಿನ್ ಕಾಯೂತನಾ ಆ ಪೈಪು ತಣ್ಣಗ ಇರಬೇಕು, ಆಮ್ಯಾಲೆ ಒಮ್ಮಿಗೇ ಸುಡಬೇಕು. ಹಂಗಾದ್ರ ವಾಲ್ವ್ ಐತಿ, ನಾ ಹೇಳೂದು ಸುಳ್ಳು.”

ಏನೆನ್ನಿಸಿತೋ, ಸಾವ್ಕಾರ ಸಲಾಕೆ ಕೆಳಗಿಟ್ಟ. ಗಾಡಿ ಚಾಲೂ ಮಾಡಿ, ಬಾನೆಟ್ ಎತ್ತಿ, ಪೈಪಿನ ಮೇಲೆ ಕೈಯಿಟ್ಟು ಬಗ್ಗಿ ನಿಂತ. ಸ್ವಲ್ಪ ಹೊತ್ತಿಗೇ ಹುಬ್ಬು ಗಂಟಿಕ್ಕಿದ. ಪೈಪು ಸುಡಲೂ ಇಲ್ಲ, ತಣ್ಣಗೂ ಇರಲಿಲ್ಲ. ಕೂಸಿಗೆ ಎರೆಯುವ ನೀರಿನ ಹಾಗೆ ಉಗುರುಬೆಚ್ಚಗೆ ಆಗುತ್ತಿತ್ತು.

ಅಷ್ಟರಲ್ಲಿ ಅಣ್ಣ ಬಂದ. ಹಿಂದಿನ ಕಲ್ಲುಗಳ ಮರೆಯಿಂದ ಬಂದವನಿಗೆ ಕಂಡದ್ದು ಸಾವ್ಕಾರನ ಬಗ್ಗಿದ ಕುತ್ತಿಗೆ ಮಾತ್ರ. ಇಂಜಿನ್ ಸಪ್ಪಳದಲ್ಲಿ ಅವನ ಹೆಜ್ಜೆ ಯಾರಿಗೂ ಕೇಳಿಸಲಿಲ್ಲ. ಕುಡಗೋಲು ಮೇಲೆದ್ದದ್ದನ್ನು ನೋಡಿದವಳು ನಾನೊಬ್ಬಳೇ. ಹಿಡಿಗೆ ಕೈ ಹಾಕಲು ಹೋದೆ, ಅಲಗು ಸಿಕ್ಕಿತು. ಅಂಗೈ ಸೀಳಿ ರಕ್ತ ಮೊಣಕೈಗೆ ಇಳಿಯಿತು. ನಾನು ಬಿಡಲಿಲ್ಲ.

“ಈಗ ಕಡದ್ರ ಸಾಯೂತನಾ ಕಳ್ಳನ ಆಗಿ ಉಳೀತೀ! ಕದ್ದು ಸಿಕ್ಕೊಂಡ ಅಂತ ಕಡದ ಅಂತಾರ! ತಡಿ, ಡೀಸೆಲ್ ಎಲ್ಲಿ ಹೋತು ನೋಡು!”

ಅಣ್ಣ ಮೇಲೆತ್ತಿದ ಕೈ ಇಳಿಸಿದ. ಸಾವ್ಕಾರ ತಿರುಗಿ ನೋಡಿ ರೇಡಿಯೇಟರಿಗೆ ಅಂಟಿಕೊಂಡ. ಉಸ್ತಾದ್ ಒಂದೇ ಕೈಯಿಂದ ಇಂಜಿನ್ ಆಫ್ ಮಾಡಿ, ಪೈಪಿನ ಬುಡದ ಬೋಲ್ಟ್ ಬಿಚ್ಚಿದ. ನೀರು ಧುಮುಕಿತು. ಒಳಗೆ ಬೆರಳು ಹಾಕಿ ಸುತ್ತ ತಿರುಗಿಸಿದ.

“ನೋಡ್ರಿ, ಖಾಲಿ. ವಾಲ್ವ್ ಎಲ್ಲೈತ್ರಿ? ಯಾರ ತೆಗಿ ಅಂದಿದ್ದು?”

ಸಾವ್ಕಾರ ಆ ತೂತನ್ನೇ ನೋಡಿದ. “ನಾನ ಅಂದಿದ್ದೆ,” ಎಂದ ಕಡೆಗೆ. ಆಮೇಲೆ ಅಣ್ಣನ ಕಡೆ ತಿರುಗಿ, “ಆತು, ಹೋಗ್ಲಿ ಬಿಡು. ನಾಳಿಂದ ಡ್ಯೂಟಿಗೆ ಬಾ,” ಎಂದ.

ಹೋಗ್ಲಿ ಬಿಡು! ಅಣ್ಣ ನನ್ನನ್ನು ಪಕ್ಕಕ್ಕೆ ಸರಿಸಿ ಕುಡಗೋಲನ್ನು ಮುಂದಿನ ಗಾಜಿಗೆ ಹೊಡೆದ. ಇಡೀ ಗಾಜು ಪುಡಿಪುಡಿಯಾಗಿ ಸೀಟಿನ ಮೇಲೆ ಸುರಿಯಿತು. “ಹೊಡದದ್ದು ಓಣ್ಯಾಗ. ಹೇಳೂದೂ ಓಣ್ಯಾಗ. ನಡೀರಿ,” ಎಂದ. ಸಾವ್ಕಾರ ಕುಡಗೋಲನ್ನೊಮ್ಮೆ ನೋಡಿ ನಡೆದ.

ಗ್ಯಾರೇಜ್ ಓಣಿಯ ನಡುವೆ ನಿಂತು ಸಾವ್ಕಾರ ಎಲ್ಲರಿಗೂ ಕೇಳುವಂತೆ ಹೇಳಿದ: “ಇಂವ ಡೀಸೆಲ್ ಕದ್ದಿಲ್ಲ. ತಪ್ಪ ನಂದು.” ಅವನ ಬೆನ್ನ ಹಿಂದೆ ಅಣ್ಣ ನಿಂತಿದ್ದ. ಕೈಯಲ್ಲಿ ಕುಡಗೋಲು ಇತ್ತು, ಅದರ ಅಲಗಿಗೆ ನನ್ನ ರಕ್ತ ಹತ್ತಿತ್ತು. ಗೆದ್ದೆವು ಎಂದುಕೊಂಡೆ. ಅವತ್ತು ಅಣ್ಣ ಹೊಟ್ಟೆ ತುಂಬ ರೊಟ್ಟಿ ಉಂಡ.

ಸಾವ್ಕಾರನ ಗಾಡಿ ಮತ್ತೆ ಮುಟ್ಟುವುದಿಲ್ಲ ಎಂದು ಅಣ್ಣ ಬೇರೆ ಕಡೆ ಕೆಲಸ ಕೇಳಲು ಹೊರಟ. ಎಲ್ಲರೂ ಕೂರಿಸಿ ಚಹಾ ಕೊಟ್ಟರು, ನೋಡೋಣು ಎಂದರು. ಯಾರೂ ಕರೆಯಲಿಲ್ಲ. ಯಾಕೆಂದು ನನಗೆ ಗೊತ್ತಾದದ್ದು ಜೀಪಿನ ಸೀಟು ಹೊಲಿಸಲು ಬಂದ ಒಬ್ಬ ಗಿರಾಕಿಯಿಂದ. ಅಳತೆ ಕೊಡುತ್ತ ಅಂದ:

“ಅಲ್ಲವ್ವಾ, ಬೆನ್ನಿಗೆ ಕುಡಗೋಲು ಹಿಡದ್ರ ಸಾವ್ಕಾರ ಅಷ್ಟ ಏನು, ನಾನೂ ತಪ್ಪ ನಂದು ಅಂತಿದ್ದೆ. ಓಣಿ ಮಂದಿಗೆ ತಿಳಿಯೂದಿಲ್ಲೇನು? ಉಸ್ತಾದ್ ಹೇಳೂ ವಾಲ್ವಿನ ಕಥಿ ಯಾರ ನಂಬ್ತಾರ?”

ಹೊಲಿಗೆ ಹಾಕಿದ ಅಂಗೈಯಿಂದಲೇ ಅವನ ಕಪಾಳಕ್ಕೆ ಬಾರಿಸಿದೆ. ಹೊಲಿಗೆ ಬಿಚ್ಚಿ ಅವನ ಗಲ್ಲಕ್ಕೆಲ್ಲ ರಕ್ತ ಹತ್ತಿತು. ಇನ್ನೊಂದು ಬಾರಿಸುತ್ತಿದ್ದೆ, ಒಳಗೆ ಸೀಟಿಗೆ ಫೋಮ್ ತುಂಬುತ್ತಿದ್ದ ಅಣ್ಣ ಬಂದು ನನ್ನ ಕೈ ಹಿಡಿದ. ಎಲ್ಲ ಕೇಳಿಸಿತ್ತು ಅವನಿಗೆ. ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ ಒಂದು ಲೋಟ ನೀರು ಕೊಟ್ಟ.

“ನೀವು ಅನ್ನೂದು ಖರೆ ಐತ್ರಿ,” ಎಂದ ಅಣ್ಣ. “ಹೆದರಿಸಿನ ಹೇಳಿಸೇನಿ. ಆದ್ರ ಕದ್ದಿಲ್ರಿ.”

ಆ ಮನುಷ್ಯ ನೀರು ಕುಡಿದ. ಲೋಟ ಅಣ್ಣನ ಕೈಗೆ ಕೊಟ್ಟ. ಸೀಟು ಬೇರೆ ಕಡೆ ಹೊಲಿಸುತ್ತೇನೆ ಎಂದು ಹೇಳಿ ಎದ್ದು ಹೋದ.