ಟೋಕನ್ ಏಳು

ನಿವೃತ್ತಿಯಾದ ಮೇಲೆ ಹತ್ತಿದ ಎಲೆಕ್ಟ್ರಾನಿಕ್ಸ್ ಹುಚ್ಚಿನಲ್ಲಿ, ಮಳವಳ್ಳಿಯ ಡಾಕ್ಟರ್ ಗೆಳೆಯನ ಕ್ಲಿನಿಕ್ಕಿಗೆ ಎಲ್‌ಇಡಿ ಅಂಕಿಗಳ ಟೋಕನ್ ಬೋರ್ಡನ್ನು ನಾನೇ ಕೂಡಿಸಿ ಕೊಟ್ಟಿದ್ದೆ. ಅದು ಬಂದ ಮೇಲೆ ಕಾಂಪೌಂಡರು ಹೆಸರು ಕೂಗುವುದನ್ನೇ ಬಿಟ್ಟ. ಒಂದು ಬೆಳಿಗ್ಗೆ ನೋಡಿ ಹಿಗ್ಗೋಣವೆಂದು ಹೋಗಿ ಕೂತೆ. ಪಕ್ಕದಲ್ಲೊಬ್ಬ ಹೆಂಗಸು, ಬೆವರುತ್ತಿದ್ದ ಗಂಡನನ್ನು ಒರಗಿಸಿಕೊಂಡಿದ್ದಳು.

"ಬೋರ್ಡು ಹೇಗಿದೆ ತಾಯಿ?" ಎಂದೆ.

"ಚೆಂದಾಗದೆ ಕಣಪ್ಪ. ಆರಾದ್ಮೇಲೆ ತಿರ್ಗ ಒಂದು ಬಂದದೆ. ಆಗ್ಲಿಂದ ಅಂಗೇ ಅದೆ. ನಮ್ದು ಏಳು, ಕಾಯ್ತಾ ಇವ್ನಿ."

ತಲೆಯೆತ್ತಿದೆ. ನನ್ನ ಬೆಸುಗೆ ಬಿಟ್ಟು ಏಳರ ಮೇಲಿನ ಗೆರೆ ಆರಿಹೋಗಿತ್ತು. ಉಳಿದದ್ದು ಒಂದರಂತೆ ಕಾಣುತ್ತಿತ್ತು. ಒಳಗೆ ಡಾಕ್ಟರು ಏಳನೆಯವರಿಗೇ ಕಾದು ಕೂತಿರಬೇಕು. "ನಿಮ್ಮದೇ ಸರದಿ!" ಎಂದು ಗಂಡನ ತೋಳು ಹಿಡಿದೆ. ತಣ್ಣಗಿತ್ತು. ಡಾಕ್ಟರು ಓಡಿಬಂದರೂ ಉಳಿಸಲಾಗಲಿಲ್ಲ.

ತಿಥಿಗೆ ಹೋದಾಗ ಅವಳೇ ನನ್ನನ್ನು ಸಮಾಧಾನಪಡಿಸಿದಳು: "ಬುಡಪ್ಪ, ಮಿಸನ್ನು ಕೆಟ್ರೆ ನೀನೇನ್ ಮಾಡೀಯ?"

ಅದನ್ನು ಕಟ್ಟಿದವನು ನಾನೇ ಎಂದು ಹೇಳದೆಯೇ, ಅವಳು ಬಡಿಸಿದ್ದನ್ನು ಉಂಡು ಎದ್ದು ಬಂದೆ.