ಪಕ್ಕಕ್ಕೆ ನಿಂತ ಪಂಕಜಕ್ಕ

ಹಿರಿಯಣ್ಣನವರು ಕೆಟ್ಟವರೆಂದು ಯಾರಾದರೂ ಹೇಳಿದರೆ ನಾನು ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುತ್ತೇನೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನೊಬ್ಬಳು ಸಾಕು. ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ನಮ್ಮದೂ ಅವರದೂ ಎದುರುಬದುರು ಬಾಗಿಲು. ಅವರು ಮೈಸೂರಿನ ಕಡೆಯವರು, ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ. ಅವರ ಹೆಂಡತಿ ಪಂಕಜಕ್ಕ ನನಗೆ ಒಡಹುಟ್ಟಿದವಳಿಗಿಂತ ಹೆಚ್ಚು, ಹಾಗಾಗಿ ಅವರನ್ನು ಭಾವ ಎಂದೇ ಕರೆಯುತ್ತಿದ್ದೆ. ಮಕ್ಕಳಿರಲಿಲ್ಲ. ಭಾವನಿಗೆ ಬೀಡಿ ಇಲ್ಲ, ಕುಡಿತ ಇಲ್ಲ, ಹೆಂಡತಿಯನ್ನು ಗದರಿದ್ದು ನಾನಂತೂ ಕೇಳಿಲ್ಲ. ಕಾರ್ಖಾನೆಯಿಂದ ಬಂದರೆ ಪೇಪರು, ಪೇಪರಿನಿಂದ ತಟ್ಟೆ, ತಟ್ಟೆಯಿಂದ ಮತ್ತೆ ಪೇಪರು. ಸಾರು ಎಂದರೆ ಸಾರು ಬರುತ್ತಿತ್ತು, ಮಜ್ಜಿಗೆ ಎಂದರೆ ಮಜ್ಜಿಗೆ. ತಲೆ ಎತ್ತುವ ಕೆಲಸವೇ ಅವರಿಗೆ ಬೀಳುತ್ತಿರಲಿಲ್ಲ.

ಪಂಕಜಕ್ಕನಿಗೆ ಇದ್ದದ್ದು ಒಂದೇ ಆಸೆ, ತನ್ನ ಮುಖ ನೆಟ್ಟಗೆ ಕಾಣುವ ಒಂದು ಫೋಟೋ. ಮದುವೆಯ ಫೋಟೋದಲ್ಲಿ ಬಾಸಿಂಗ, ಹಾರ, ಬಗ್ಗಿಸಿದ ತಲೆ. ಆ ಸೀರೆಯೊಳಗೆ ಯಾರು ಬೇಕಾದರೂ ಇರಬಹುದಿತ್ತು. ಸ್ಟುಡಿಯೋಗೆ ಒಬ್ಬಳೇ ಹೋಗಿ ದೀಪದ ಮುಂದೆ ಕೂರಲು ನಾಚಿಕೆ. ಭಾವನ ಮುಖವಾದರೆ ಕಾರ್ಖಾನೆಯ ಗೇಟ್‌ಪಾಸಿನಲ್ಲಿತ್ತು, ಲೋಕಲ್ ರೈಲಿನ ಪಾಸಿನಲ್ಲಿತ್ತು. ಅಡುಗೆಮನೆಗೆ ಹೋಗಿ ಬರುವವಳಿಗೆ ಯಾರು ಪಾಸು ಮಾಡಿಕೊಡುತ್ತಾರೆ?

"ನಾನು ಹೋದ್ಮೇಲೆ ಇವಳು ಹೀಗಿದ್ಲು ಅಂತ ತೋರಿಸೋಕೆ ಏನೂ ಇಲ್ವಲ್ಲೇ ರಮಾ," ಎಂದು ನಗುತ್ತಲೇ ಹೇಳುತ್ತಿದ್ದಳು.

ಆ ಮಾತು ಹೇಗೋ ಭಾವನ ಕಿವಿಗೂ ಬಿತ್ತು ಅಂತ ಕಾಣುತ್ತದೆ. ಎಂಬತ್ತೊಂಬತ್ತರ ದಸರೆಗೆ ಮುಂಚೆ ಒಂದು ಸೆಕೆಂಡ್‌ಹ್ಯಾಂಡ್ ಕ್ಯಾಮರಾ ತಂದುಬಿಟ್ಟರು. ಮಸ್ಕತ್ತಿನ ನೌಕರಿ ಬಿಟ್ಟು ಬಂದು ಮಲಾಡಿನಲ್ಲಿ ಮನೆ ಮಾಡಿದ್ದ ದಾನಪ್ಪ ಎಂಬ ಧಾರವಾಡದ ಕಡೆಯವರು ಮಾರಿದ್ದು. ಜಪಾನಿನದು, ಆಟೋಫೋಕಸ್. ಮೂಲೆಯಲ್ಲಿ ಬಣ್ಣ ಹೋಗಿತ್ತು. ಜೊತೆಗೆ ಬಂದಿದ್ದ ಪುಸ್ತಕ ಎಂದೋ ಕಳೆದುಹೋಗಿತ್ತು. ಪುಸ್ತಕ ಯಾತಕ್ಕೆ ಎಂದರಂತೆ ದಾನಪ್ಪನವರು, "ಎಲ್ಲಾ ಅದ ಮಾಡತೈತ್ರಿ, ನೀವು ಬರೇ ಒತ್ತೂದು." ಅದನ್ನೇ ವೇದವಾಕ್ಯ ಮಾಡಿಕೊಂಡು, ಟವೆಲಿನಲ್ಲಿ ಸುತ್ತಿ, ಲೋಕಲ್‌ನಲ್ಲಿ ಎದೆಗೆ ಅವಚಿಕೊಂಡು ತಂದರು. ಆಯುಧಪೂಜೆಯ ದಿನ ಈಳಿಗೆಮಣೆಯ ಪಕ್ಕದಲ್ಲಿ ಅದಕ್ಕೂ ಪೂಜೆ. ಗಾಜಿಗೆ ಕುಂಕುಮ ಹಚ್ಚಲು ಹೋದ ಪಂಕಜಕ್ಕನ ಕೈಯನ್ನು ನಾನೇ ಹಿಡಿದೆ.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಪೇಪರು ಬಿಟ್ಟು ಏಳದ ಮನುಷ್ಯ ಭಾನುವಾರ ಬಂತೆಂದರೆ ಸ್ನಾನ ಮುಗಿಸಿ ಕ್ಯಾಮರಾ ಕೊರಳಿಗೆ ಹಾಕಿ ಹೊರಡಲು ತಯಾರು. ಒತ್ತಿದರೆ ಗುರ್ ಎಂದು ರೀಲು ತಾನೇ ಮುಂದಕ್ಕೆ ಹೋಗುತ್ತಿತ್ತು, ಆ ಸದ್ದಿಗೆ ಇಬ್ಬರೂ ಮಕ್ಕಳ ಹಾಗೆ ನಗುತ್ತಿದ್ದರು. ಮಹಾಲಕ್ಷ್ಮಿಗೆ ಹೋದರು, ಬೊರಿವಲಿಯ ಕಾಡಿನ ಗುಹೆಗಳಿಗೆ ಹೋದರು, ಗೇಟ್‌ವೇ ನೋಡಿದರು, ಜುಹೂ ಮರಳಿನಲ್ಲಿ ಭೇಲ್ ತಿಂದರು. ಪಂಕಜಕ್ಕ ಪೆಟ್ಟಿಗೆಯ ತಳದ ಸೀರೆಗಳನ್ನೆಲ್ಲ ಹೊರಗೆ ತೆಗೆದಳು. ಅವಳಿಗೆ ಅಷ್ಟು ಸುಖದ ದಿನಗಳು ಬೇರೆ ಇರಲಿಲ್ಲ, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

ಒಂದೆರಡು ಸಲ ನಾನೂ ಜೊತೆಗೆ ಹೋಗಿದ್ದೆ. ಕಣ್ಣಿಟ್ಟು ನೋಡುವ ಗಾಜಿನ ನಡುವೆ ಒಂದು ಸಣ್ಣ ಚೌಕವಿತ್ತು. ಅದರೊಳಗೆ ಗೋಪುರವನ್ನು ಸರಿಯಾಗಿ ಕೂರಿಸುವುದು ಭಾವನ ಕಸುಬುದಾರಿಕೆ. ಮುಖ ದೊಡ್ಡದಾಗಿ ಬರಲೆಂದು ಪಂಕಜಕ್ಕನನ್ನು ತೀರ ಹತ್ತಿರ ನಿಲ್ಲಿಸಿ, ಸ್ವಲ್ಪ ಪಕ್ಕಕ್ಕೆ ಸರಿ ಎನ್ನುವರು. ಅವರು ಹೇಳುವ ಮೊದಲೇ ಅವಳು ಸರಿದಿರುತ್ತಿದ್ದಳು. ದೇವರಿಗೆ ಅಡ್ಡ ನಿಲ್ಲಬಾರದು, ಬೆನ್ನು ಹಾಕಬಾರದು, ಇದು ಹುಟ್ಟಿನಿಂದ ಕಲಿತದ್ದು. ಗೇಟ್‌ವೇ ಏನು ದೇವರೇ? ಸಮುದ್ರಕ್ಕೂ ಒಬ್ಬಳು ಹೆಂಗಸು ಪಕ್ಕಕ್ಕೆ ಸರಿದು ನಿಲ್ಲಬೇಕೇ? ಅಭ್ಯಾಸ ನೋಡಿ, ಅಲ್ಲೂ ಸರಿದಳು. ಆಗ ನನಗೂ ಅದು ಸರಿಯಾಗಿಯೇ ಕಂಡಿತ್ತು.

ರೀಲು ಮುಗಿಯದೆ ತೊಳೆಸುವುದು ನಮ್ಮ ಪೈಕಿ ಯಾರ ಮನೆಯಲ್ಲೂ ಇಲ್ಲ. ಒಂದು ಜಾಗಕ್ಕೆ ಒಂದೇ ಫೋಟೋ ಎಂದು ಹಿಡಿದು ಹಿಡಿದು ಒತ್ತಿದ್ದರಿಂದ ಆ ಮೂವತ್ತಾರರ ರೀಲು ಶಿವರಾತ್ರಿ ಬಂದರೂ ಮುಗಿಯಲಿಲ್ಲ. ಯುಗಾದಿಗೆ ಹೊಸ ಸೀರೆ ಉಟ್ಟು ಉಳಿದದ್ದನ್ನು ಮುಗಿಸುವುದೆಂದು ಮಾತಾಯಿತು.

ಯುಗಾದಿಗೆ ಪಂಕಜಕ್ಕ ಆಸ್ಪತ್ರೆಯಲ್ಲಿದ್ದಳು. ಕಾಲು ಊದಿಕೊಂಡದ್ದನ್ನು ಯಾರಿಗೂ ಹೇಳದೆ ಸೀರೆಯ ನಿರಿಗೆ ಇಳಿಬಿಟ್ಟುಕೊಂಡು ಓಡಾಡಿದ್ದಳು. ಕಿಡ್ನಿ ಎರಡೂ ಹೋಗಿವೆ ಎಂದರು ಡಾಕ್ಟರು. ಭಾವ ರಜೆ ಹಾಕಿ ಮಂಚದ ಪಕ್ಕದ ಸ್ಟೂಲಿನಲ್ಲೇ ಇದ್ದುಬಿಟ್ಟರು. ನಾನು ಕಳಿಸಿದ ಮೊಸರನ್ನದ ಡಬ್ಬಿ ಹಾಗೆಯೇ ವಾಪಸು ಬರುತ್ತಿತ್ತು. ಒಂದು ದಿನ ಬಗಲಲ್ಲಿ ಕ್ಯಾಮರಾ ತಂದಿದ್ದರು. ಈ ಅವತಾರದಲ್ಲಿ ಬೇಡ, ಮನೆಗೆ ಬಂದ ಮೇಲೆ ತೆಗೆಯಿರಿ ಎಂದು ಕೈ ಅಡ್ಡ ಹಿಡಿದಳು. ಅವಳು ಮನೆಗೆ ಬರಲಿಲ್ಲ.

ಅವಳು ತೀರಿಕೊಂಡ ಮೂರನೆಯ ದಿನ ಭಾವ ರೀಲು ತೆಗೆಸಿ ಸ್ಟೇಷನ್ ಹತ್ತಿರದ ಸ್ಟುಡಿಯೋಗೆ ಕೊಟ್ಟರು. ಫೋಟೋ ತರುವಾಗ ಅವರೊಬ್ಬರೇ ಹೋಗುವುದು ಬೇಡವೆಂದು ನಾನೂ ಹೋದೆ. ಲಕೋಟೆ ಬಿಚ್ಚಿದರೆ, ಅಯ್ಯೋ ಶಿವನೇ, ಗೋಪುರದ ಒಂದೊಂದು ಕಳಸವೂ ಲೆಕ್ಕ ಮಾಡುವಷ್ಟು ಸ್ಪಷ್ಟ. ಹಿಂದಿನ ದೋಣಿಯ ಹಗ್ಗ ಸ್ಪಷ್ಟ. ಪಕ್ಕದಲ್ಲಿ ನಿಂತ ಪಂಕಜಕ್ಕ ಆವಿ ಹಿಡಿದ ಕನ್ನಡಿಯಲ್ಲಿ ಕಂಡ ಹಾಗೆ. ಸೀರೆಯ ಬಣ್ಣ ಗೊತ್ತಾಗುತ್ತಿತ್ತು, ಮುಖ ಗೊತ್ತಾಗುತ್ತಿರಲಿಲ್ಲ. ಒಂದಲ್ಲ, ಎರಡಲ್ಲ, ಎಲ್ಲವೂ ಹಾಗೆಯೇ. ನಡುವಿನ ಚೌಕದಲ್ಲಿ ಇರುವುದನ್ನಷ್ಟೇ ಕ್ಯಾಮರಾ ಸ್ಪಷ್ಟವಾಗಿ ಹಿಡಿಯುತ್ತದೆ, ಮನುಷ್ಯರ ಮುಖವನ್ನು ಅದರೊಳಗೆ ಇಡಬೇಕಿತ್ತು ಎಂದು ಸ್ಟುಡಿಯೋದ ಮರಾಠಿ ಮುದುಕ ಹಿಂದಿಯಲ್ಲಿ ಮೆಲ್ಲಗೆ ಹೇಳಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಭಾವ ಫೋಟೋಗಳನ್ನು ಒಂದೊಂದಾಗಿ ಹಿಂದುಮುಂದು ಮಾಡಿ ನೋಡುತ್ತಲೇ ಇದ್ದರು.

ವೈಕುಂಠ ಸಮಾರಾಧನೆಗೆ ಹಾರ ಹಾಕಲು ಪಟ ಬೇಕೇ ಬೇಕು. ಮುದುಕನೇ ಒಂದು ದಾರಿ ಹೇಳಿದ. ದೊಡ್ಡದಾಗಿ ಪ್ರಿಂಟು ಹಾಕಿ, ಅದರ ಮೇಲೆ ಪೆನ್ಸಿಲು ಬಣ್ಣಗಳಲ್ಲಿ ಮುಖ ತಿದ್ದಿ ಕೊಡುತ್ತೇನೆ, ಹೇಗಿದ್ದರು ಹೇಳಿ ಎಂದ. ಮೂಗು ಮೊಂಡೋ ಉದ್ದವೋ, ಹುಬ್ಬು ತೆಳ್ಳಗೋ ದಪ್ಪವೋ, ತುಟಿ ಹೇಗೆ. ಭಾವ ಬಾಯಿ ತೆರೆದರು. ಒಂದು ಫೋಟೋ ಎತ್ತಿ ಬೆಳಕಿಗೆ ಹಿಡಿದರು. ಕೊನೆಗೆ, ಲಕ್ಷಣವಾಗಿದ್ದಳು ಎಂದರು. ಲಕ್ಷಣವಾಗಿದ್ದಳು ಎನ್ನುವುದನ್ನು ಪೆನ್ಸಿಲಿನಲ್ಲಿ ಹೇಗೆ ಬರೆಯುವುದು? ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷಕ್ಕೂ ಮೀರಿ ಸಂಸಾರ ಮಾಡಿದ್ದಾರೆ! ಅವರನ್ನು ಅತ್ತ ಕೂರಿಸಿ ನಾನೇ ಹೇಳಿದೆ. ಮೂಗಿನ ತುದಿ ಚೂರು ಮೇಲಕ್ಕೆ, ಕೆಳತುಟಿ ದಪ್ಪ, ಎಡಹುಬ್ಬಿನ ಕೊನೆಯಲ್ಲಿ ಕೂದಲು ಬೆಳೆಯದ ಒಂದು ಸಣ್ಣ ಗೀರು. ಮುದುಕ ಕೇಳುತ್ತ ಕೇಳುತ್ತ ಗುರುತು ಹಾಕಿಕೊಂಡ.

ಪಟ ಚೆನ್ನಾಗಿಯೇ ಬಂತು. ಹದಿಮೂರನೆಯ ದಿನ ಬಂದವರೆಲ್ಲ ಪಂಕಜಾ ಎದ್ದು ಬಂದು ಕೂತಹಾಗಿದೆ ಎಂದು ಕಣ್ಣೊರೆಸಿಕೊಂಡರು. ಊಟ ಮುಗಿದು ನೆಂಟರು ಹೊರಟ ಮೇಲೆ ನಾನು ಎಲೆ ಎತ್ತಿ ನೆಲ ಒರೆಸುತ್ತಿದ್ದೆ. ಭಾವ ಪಟದ ಎದುರು ಚಾಪೆಯ ಮೇಲೆ ಕೂತಿದ್ದರು.

"ರಮಾ, ಆ ಹುಬ್ಬಿನ ಗೀರು ಅವಳಿಗೆ ಯಾವಾಗ ಆಯ್ತು?" ಎಂದು ಕೇಳಿದರು.

ಚಿಕ್ಕವಳಿದ್ದಾಗ ಉಯ್ಯಾಲೆಯಿಂದ ಬಿದ್ದು ಆದ ಗೀರು ಅದು. ಅದನ್ನು ಹೊತ್ತುಕೊಂಡೇ ಅವಳು ಹಸೆಮಣೆಗೆ ಬಂದಿದ್ದು. ಹೇಳಿಬಿಡಬೇಕು, ಚೆನ್ನಾಗಿ ನಾಟಲಿ ಎಂದು ನಾಲಿಗೆ ತುದಿಗೆ ಬಂತು. ಇಡೀ ಬಿಲ್ಡಿಂಗು ಹೆದರುವ ನಾಲಿಗೆ ನನ್ನದು. ಅವರ ಮುಖ ನೋಡಿದೆ, ಆಗಲಿಲ್ಲ.

"ಈಚೆಗೆ ಭಾವ. ಆಸ್ಪತ್ರೇಲಿ ಮಂಚದ ಕಂಬಿ ತಗುಲಿ ಆಗಿದ್ದು," ಎಂದೆ.

ಸರಿ ಎನ್ನುವಂತೆ ತಲೆ ಆಡಿಸಿದರು. ನಾನು ಬಟ್ಟೆ ಹಿಂಡಿ ಎದ್ದೆ. ಬಾಗಿಲ ತನಕ ಹೋಗಿದ್ದೆ, ಹಿಂದಿನಿಂದ ಅವರ ದನಿ ಬಂತು.

"ಆಸ್ಪತ್ರೇಲಿ ಹಗಲೂ ರಾತ್ರಿ ಅವಳ ಪಕ್ಕದಲ್ಲಿ ಕೂತಿದ್ದೋನು ನಾನೇ ಅಲ್ವೇನಮ್ಮ?"