ಅರವಟ್ಟಿಗೆ ಮುಚ್ಚಿಸಿದ ಸಾಹೇಬರು

ಅವರ ಬಲಗೈ ಬೆರಳುಗಳ ತುದಿ ವರ್ಷವಿಡೀ ಬೆಳ್ಳಗೆ ಸುಲಿದಿರುತ್ತಿತ್ತು. ಬ್ಲೀಚಿಂಗ್ ಪುಡಿಯನ್ನು ಬರಿಗೈಯಲ್ಲೇ ಕಲಸಿ ಕಲಸಿ ಆದದ್ದು. ಗ್ಲೌಸ್ ಹಾಕ್ಕೋರಿ ಅಂದರೆ "ಹಾಕ್ಕೋತೀನಿ, ಹಾಕ್ಕೋತೀನಿ" ಎನ್ನುತ್ತಿದ್ದರು. ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ ತನ್ನ ಕೈಗೆ ಮಾತ್ರ ಹೇಳಲಿಲ್ಲ. ಕುಕನೂರಿಗೆ ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ಬಂದವರು. ಗಂಗಾವತಿಯ ಮುಸ್ಲಿಂ ಮನೆತನದವರು. ನಮ್ಮೂರ ಬಾಯಲ್ಲಿ ಬರೀ ಸಾಹೇಬರು.

ಸಂತೆಯ ದಿನ ಅವರ ಸ್ಕೂಟರಿನ ಸಪ್ಪಳ ಕೇಳಿದರೆ ಸಾಕು, ಮಿರ್ಚಿ ಬಜಿಯವರು ಬುಟ್ಟಿಯ ಮೇಲೆ ಅರಿವೆ ಎಳೆಯುತ್ತಿದ್ದರು. "ಕಣ್ಣಿಗೆ ಕಾಣೋ ಹೊಲಸನ್ನ ಎಮ್ಮಿನೂ ಬಿಟ್ಟು ತಿಂತೈತಿ. ನಾವು ಕಾಣದ್ದನ್ನ ನೋಡಬೇಕ್ರಿ" ಎಂಬುದು ಅವರ ಮಾತು. ಕಿಸೆಯಲ್ಲಿ ಒಂದು ಗಾಜಿನ ನಳಿಕೆ, ಒಂದು ಔಷಧದ ಶೀಶೆ. ನೀರಿಗೆ ಹನಿ ಹಾಕಿದಾಗ ಹಳದಿಯಾದರೆ ಅದರಲ್ಲಿ ಕ್ಲೋರಿನ್ ಇದೆ, ಕುಡಿಯಬಹುದು. ಆಗದಿದ್ದರೆ ಅವರ ಮುಖ ಬಿಗಿಯುತ್ತಿತ್ತು.

ನಮ್ಮಪ್ಪ ಸಂತೆ ಬಯಲಿನ ಪಕ್ಕದಲ್ಲಿ ಹಗ್ಗ, ಬಾರಕೋಲು ಮಾರುವವನು. ಬೇಸಿಗೆ ಬಂತೆಂದರೆ ಅಂಗಡಿಯ ಮುಂದೆ ತನ್ನ ತಾಯಿಯ ಹೆಸರಿನಲ್ಲಿ ಅರವಟ್ಟಿಗೆ ಇಡುತ್ತಿದ್ದ. ಒಂದು ಚಪ್ಪರ, ಮರಳಿನ ಮೇಲೆ ನಾಲ್ಕು ಮಣ್ಣಿನ ಗಡಿಗೆ, ದಾರಿಹೋಕರಿಗೆಲ್ಲ ತಂಪು ನೀರು. ಕ್ಲೋರಿನ್ ಹಾಕಿದ ನಳದ ನೀರೇ ತುಂಬಬೇಕೆಂದು ಸಾಹೇಬರು ಪ್ರತಿ ವರ್ಷ ಹೇಳಿ ಹೋಗುತ್ತಿದ್ದರು, ಅಪ್ಪ ಹೂಂ ಎನ್ನುತ್ತಿದ್ದ. ನಾನು ಬಿ.ಎಡ್. ಪರೀಕ್ಷೆ ಬರೆದ ವರ್ಷ ಮಾತ್ರ ಅವನ ತಲೆಗೆ ಅದೇನು ಹೊಕ್ಕಿತೋ, ಬೀಗರ ಹೊಲದ ಬಾವಿಯಿಂದ ಸಿಹಿನೀರು ತರಿಸತೊಡಗಿದ.

ಒಂದು ಸಂತೆ ಮುಗಿದ ಎರಡು ದಿನಕ್ಕೆ ಊರಲ್ಲಿ ವಾಂತಿ-ಭೇದಿ ಹತ್ತಿತು. ಆಸ್ಪತ್ರೆಯ ವರಾಂಡದಲ್ಲೂ ಸಲೈನ್ ಬಾಟಲಿ ತೂಗಿದವು. ಬಾಳೆಹಣ್ಣು ಮಾರುವ ಹೆಂಗಸಿನ ಆರು ವರ್ಷದ ಮಗಳನ್ನು ಆಂಬುಲೆನ್ಸಿನಲ್ಲಿ ಕೊಪ್ಪಳಕ್ಕೆ ಒಯ್ದರು. ಉಳಿಯುತ್ತಾಳೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಸಾಹೇಬರು ಮನೆಮನೆ ಹತ್ತಿ ಇಳಿದರು. ಏನು ತಿಂದಿರಿ ಎಂದು ಒಂದು ಸಲ ಕೇಳಿದರೆ, ಎಲ್ಲಿ ನೀರು ಕುಡಿದಿರಿ ಎಂದು ಮೂರು ಸಲ ಕೇಳುತ್ತಿದ್ದರು. ಮರುದಿನ ಮುಂಜಾನೆ ನಮ್ಮ ಅಂಗಡಿಗೆ ಬಂದು ಗಡಿಗೆಯ ನೀರಿಗೆ ಹನಿ ಹಾಕಿದರು. ಬಣ್ಣ ಬರಲಿಲ್ಲ.

"ಯಜಮಾನ್ರ, ಇದು ಎಲ್ಲಿ ನೀರು?"

ಅಪ್ಪ ನಳದ್ದು ಎಂದುಬಿಡಬಹುದಿತ್ತು. "ಬಾವೀದರಿ. ಅವ್ವನ ಹೆಸರೀಲೆ ಕೊಡೋ ನೀರು ಔಷಧ ನಾರಬಾರದು ಅಂತ ತರಿಸಿದ್ನಿ" ಎಂದ ಅಪ್ಪ. ಹೇಳಿದ ಮೇಲೆಯೇ ಅದರ ಅರ್ಥ ಅವನಿಗೆ ಹೊಳೆದದ್ದು. ಹಗ್ಗದ ಸುರುಳಿಯ ಮೇಲೆ ಕುಸಿದು ಕುಳಿತ.

ರೋಗ ಹರಡುವ ನೀರಿನ ಜಾಗವನ್ನು ಮುಚ್ಚಿಸುವ ಅಧಿಕಾರ ಸರ್ಕಾರ ಅವರಿಗೆ ಕೊಟ್ಟಿತ್ತು. ಅರವಟ್ಟಿಗೆಯೂ ಬಾವಿಯೂ ಬಂದ್ ಎಂದು ಬರೆದು ಚಪ್ಪರದ ಕಂಬಕ್ಕೆ ನೋಟೀಸು ಅಂಟಿಸಿದರು. ನನ್ನ ಪಿತ್ತ ನೆತ್ತಿಗೇರಿತು. "ಊರಾಗ ಗಟಾರ ಹರೀತಾವ, ಅವನ್ನ ಬಿಟ್ಟು ನಮ್ಮಪ್ಪನ ಗಡಿಗೀನ ಕಂಡವೇನ್ರಿ ನಿಮಗ? ಧರ್ಮ ಮಾಡೋರ ಹೆಸರು ಕೆಡಸಾಕ ಪಗಾರ ಕೊಡತಾರೇನು?" ಎಂದೆ.

"ಬೈಯವ್ವ, ಬೈ" ಎಂದರು ಸಾಹೇಬರು. "ಆದ್ರ ನಿಮ್ಮಪ್ಪ ಈಗ ಸುಳ್ಳು ಹೇಳಿದ್ರ ನಾ ಇನ್ನೂ ನಾಕು ದಿನ ಹುಡುಕತಿದ್ದೆ. ಆ ನಾಕು ದಿನ ಮಂದಿ ಇದನ್ನೇ ಕುಡೀತಿದ್ರು."

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹಬ್ಬಿ, ಗಡಿಗೆ ಒಡೆಯುತ್ತೇವೆಂದು ಒಂದಷ್ಟು ಜನ ಬಡಿಗೆ ಹಿಡಿದು ಬಂದರು. ಗಡಿಗೆಗೆ ನಿಲ್ಲುವ ಸಿಟ್ಟಲ್ಲ ಅದು, ಅಪ್ಪನನ್ನು ನೋಡುತ್ತಲೇ ಬಂದರು. ನಮ್ಮ ಅಂಗಡಿಯಲ್ಲೇ ಕುಳಿತು ವರದಿ ಬರೆಯುತ್ತಿದ್ದ ಸಾಹೇಬರು, ಅವರ ಭುಜದ ಎತ್ತರಕ್ಕೂ ಬಾರದವರು, ಎದ್ದು ನೋಟೀಸಿನ ಮುಂದೆ ನಿಂತರು. "ಇವು ಈಗ ಸರ್ಕಾರದ ವಶದಾಗ ಅದಾವು. ಮುಟ್ಟಿದ್ರ ಕೇಸ್ ಆಕ್ಕೈತಿ. ಈ ಮನಷ್ಯಾ ಖರೇ ಹೇಳ್ಯಾನ ಅಂತ ನಿಮ್ಮ ಮನಿ ಮಕ್ಕಳು ಉಳೀತಾವು. ನಡೀರಿ." ದನಿ ಏರಿಸಲಿಲ್ಲ. ಬಡಿಗೆಗಳು ಕೆಳಗಿಳಿದವು. ಬೆಳಿಗ್ಗೆ ನಾನು ಬೈದಿದ್ದ ಅದೇ ಕಾಗದ ಅಪ್ಪನನ್ನು ಕಾಯ್ದಿತ್ತು; ನನಗೆ ನಾಚಿಕೆಯಾಯಿತು.

ವರದಿಯಲ್ಲಿ ಅಪ್ಪನ ಹೆಸರು ಬರೆದರು. ತಾನಾಗಿ ಒಪ್ಪಿಕೊಂಡನೆಂದೂ ಬರೆದರು. ಹುಡುಗಿ ಉಳಿದು ಮನೆಗೆ ಬಂದಳು. ಆದರೆ ಅಪ್ಪ ಸಂತೆ ಬಯಲು ದಾಟುವುದನ್ನೇ ಬಿಟ್ಟು ಹಿಂದಿನ ಓಣಿಯಿಂದ ಅಂಗಡಿಗೆ ಹೋಗತೊಡಗಿದ. ಯಾರಾದರೂ ಚಹಾ ಕೊಟ್ಟರೆ ಕುಡಿಯುತ್ತಿದ್ದ, ತಾನಾಗಿ ಯಾರಿಗೂ ಒಂದು ತಂಬಿಗೆ ನೀರು ಕೊಡುತ್ತಿರಲಿಲ್ಲ. ಮರುವರ್ಷ ಬೇಸಿಗೆ ಬಂದರೂ ಚಪ್ಪರ ಹಾಕಲಿಲ್ಲ.

ಸಾಹೇಬರೇ ಹುಡುಕಿಕೊಂಡು ಬಂದರು. "ಯಾರು ಕುಡೀತಾರ್ರಿ ನನ್ನ ಕೈಲೆ?" ಎಂದ ಅಪ್ಪ.

"ಬಂದ್ ಮಾಡಸಾಕ ನನಗ ಕಾನೂನು ಐತಿ. ತಿರುಗಿ ಕುಡಸಾಕ ಯಾವ ಕಾನೂನೂ ಇಲ್ಲ, ಯಜಮಾನ್ರ. ಅದನ್ನ ನಾನು ನೀವು ಕೂಡಿ ಮಾಡಬೇಕು."

ಮುಚ್ಚಳವಿರುವ, ಕೆಳಗೆ ನಲ್ಲಿ ಕೂಡಿಸಿದ ಗಡಿಗೆ ತರಿಸಿದರು, ಎದುರಿಗೇ ನಿಂತು ನಳದ ನೀರು ತುಂಬಿಸಿದರು. ಸಂತೆ ತುಂಬಿದ ಹೊತ್ತಿಗೆ ಎಲ್ಲರಿಗೂ ಕಾಣುವಂತೆ ಹನಿ ಹಾಕಿ ಹಳದಿ ತೋರಿಸಿ ಒಂದು ಲೋಟ ಕುಡಿದರು. ಯಾರೂ ಮುಂದೆ ಬರಲಿಲ್ಲ. ಇನ್ನೊಂದು ಕುಡಿದರು. ಮತ್ತೊಂದು. "ಸಾಹೇಬ್ರ, ಹೊಟ್ಟಿ ಒಡೀತೈತಿ ನೋಡ್ರಿ" ಎಂದು ಯಾರೋ ನಕ್ಕರು. "ನೀವು ಬರಲಿಲ್ಲಂದ್ರ ನಾಕೂ ಗಡಿಗಿ ನಾನೇ ಖಾಲಿ ಮಾಡಬೇಕಲ್ಲ" ಎಂದರು ಇವರು. ಆಗ ಬಾಳೆಹಣ್ಣಿನ ಹೆಂಗಸು ಮಗಳ ಕೈ ಹಿಡಿದುಕೊಂಡು ಬಂದಳು. ಅಪ್ಪ ನಲ್ಲಿಗೆ ಕೈ ಹಾಕಿದವನು ಹಿಂದೆ ತೆಗೆದ. ಹುಡುಗಿಯೇ ತಿರುಗಿಸಿಕೊಂಡು ಕುಡಿದಳು, ಇನ್ನೊಂದು ಲೋಟ ಹಿಡಿದಳು. ಆಮೇಲೆ ಸಾಲು ನಿಂತಿತು. ಆ ಬೇಸಿಗೆಯ ಪ್ರತಿ ಸಂತೆಗೂ ಮೊದಲ ಲೋಟ ಸಾಹೇಬರದೇ.

ಅವರು ನಿವೃತ್ತರಾಗಿ ಗಂಗಾವತಿಗೆ ಹೋದರು. ಹೋದ ವರ್ಷ ತೀರಿಕೊಂಡ ಸುದ್ದಿ ಬಂದಾಗ ಅಪ್ಪನನ್ನು ನಾನೇ ಕರೆದುಕೊಂಡು ಹೋದೆ. ಅಪ್ಪ ಮಣ್ಣು ಕೊಟ್ಟು ಖಬರಸ್ತಾನದಿಂದ ಹೊರಗೆ ಬಂದಾಗ ಸಾಹೇಬರ ಮಗ, ತಾವು ಯಾರೆಂದು ಗೊತ್ತಾಗಲಿಲ್ಲ ಎಂದು ವಿನಯದಿಂದ ಕೇಳಿದ.

"ನಿಮ್ಮಪ್ಪಾರು ಒಂದ್ಸಲ ನನ್ನ ಅರವಟಿಗಿ ಬಂದ್ ಮಾಡಿಸಿದ್ರಪಾ" ಎಂದ ಅಪ್ಪ, ಆ ಹುಡುಗನ ಎರಡೂ ಕೈ ಹಿಡಿದು ಅಳತೊಡಗಿದ.